ಅಪ್ಪನ ಅಂಗಡಿಯಲ್ಲಿ ನನ್ನ ಸಿಇಟಿ ಅರ್ಜಿ

ತಿಪಟೂರಿನಲ್ಲಿ ನಮ್ಮಪ್ಪನದು ಒಂದು ಜೆರಾಕ್ಸ್ ಅಂಗಡಿ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮೆಷಿನ್, ಲ್ಯಾಮಿನೇಷನ್ನಿಗೆ ಒಂದು ಪುಟ್ಟ ಯಂತ್ರ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಬಸ್ ಪಾಸು, ವಿದ್ಯಾರ್ಥಿವೇತನ, ಯಾವ ಅರ್ಜಿ ಬೇಕಾದರೂ ಅಪ್ಪ ಹಾಕಿಕೊಡುತ್ತಾನೆ. ಜನವರಿ ಬಂತು ಅಂದರೆ ಸಿಇಟಿ ಕಾಲ. ಕೊಬ್ಬರಿ ಮಾರೋಕೆ ಪೇಟೆಗೆ ಬಂದ ರೈತರು ಒಂದು ಕೈಯಲ್ಲಿ ಮಂಡಿಯ ಚೀಟಿ, ಇನ್ನೊಂದು ಕೈಯಲ್ಲಿ ಮಗಳ ಮಾರ್ಕ್ಸ್ ಕಾರ್ಡು ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ. "ಅಣ್ಣ, ನಮ್ಮ ಹುಡುಗೀದು ಒಂಚೂರು ನೋಡಿ ಹಾಕಣ್ಣ." ಅಪ್ಪ ನೋಡಿಯೇ ಹಾಕುತ್ತಾನೆ. ಅವನು ಹಾಕಿದ ಅರ್ಜಿ ತಪ್ಪಿದೆ ಅಂತ ಯಾರೂ ವಾಪಸ್ ಬಂದಿದ್ದು ನಾನು ನೋಡಿಲ್ಲ.

ಅಂಥವನ ಮಗಳ ಅರ್ಜಿಯಲ್ಲಿ 'ಗ್ರಾಮೀಣ: ಇಲ್ಲ', 'ಕನ್ನಡ ಮಾಧ್ಯಮ: ಇಲ್ಲ' ಅಂತ ಇತ್ತು.

ನಾನು ಒಂದರಿಂದ ಹತ್ತನೇ ಕ್ಲಾಸಿನವರೆಗೆ ಓದಿದ್ದು ನಮ್ಮ ಹಳ್ಳಿ ಕಡೆಯ ಸರ್ಕಾರಿ ಶಾಲೆಗಳಲ್ಲಿ, ಕನ್ನಡದಲ್ಲೇ. ಗ್ರಾಮೀಣರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇದೆ ಅನ್ನುವುದು ನಮ್ಮ ಮನೆಯಲ್ಲಿ ಬಾಯಿಪಾಠ. ಆದರೂ 'ಇಲ್ಲ'. ಯಾಕೆಂದರೆ ಆ ಅರ್ಜಿ ನಾನೇ ಹಾಕಿದ್ದೆ. ಹಠ ಮಾಡಿ ಹಾಕಿದ್ದೆ. "ಊರವರ ಅರ್ಜಿ ನೀನು ಹಾಕು. ನಂದು ನಾನು ಹಾಕ್ಕೊತೀನಿ. ಮುಟ್ಟಬೇಡ ನೀನು" ಅಂದಿದ್ದೆ ಅಪ್ಪನಿಗೆ.

ಹೇಗೆ ತಪ್ಪಿತು ಅಂತ ನನಗೆ ಚೆನ್ನಾಗಿ ನೆನಪಿದೆ. ರಾತ್ರಿ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಅರ್ಧ ಅರ್ಜಿ ತುಂಬಿದ್ದೆ. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೇಳಿತು. ಬೀರು ತೆಗೆದೆ. ಕಾಗದಗಳ ಕೆಳಗೆ ಅಮ್ಮನ ಮದುವೆ ಆಲ್ಬಂ ಸಿಕ್ಕಿತು. ಅದರಲ್ಲಿ ಅಜ್ಜಿಯ ಕೊರಳಲ್ಲಿದ್ದ ಸರ ಈಗ ಎಲ್ಲಿದೆ ಅಂತ ಅಮ್ಮನನ್ನು ಕೇಳಲು ಹೋದೆ. ಅಮ್ಮ ಅಡಿಗೆಮನೆಯಲ್ಲಿ ಅವರೇಕಾಳು ಹಿಸುಕುತ್ತಿದ್ದಳು. ನಾನೂ ಕೂತು ಹಿಸುಕಿದೆ. ಮುಕ್ಕಾಲು ಗಂಟೆ ಆದ ಮೇಲೆ ಅರ್ಜಿ ನೆನಪಾಯಿತು. ಅಷ್ಟರಲ್ಲಿ ಅದು ಲಾಗ್‌ಔಟ್ ಆಗಿತ್ತು. ಮತ್ತೆ ಒಟಿಪಿ, ಮತ್ತೆ ಪಾಸ್‌ವರ್ಡ್. ಪಾಸ್‌ವರ್ಡ್ ಮರೆತಿದ್ದೆ. ಹೊಸದು ಮಾಡಿಕೊಂಡೆ. ಬೇಜಾರಿನಲ್ಲಿ ಸರಸರ ಅಂತ ಪುಟ ದಾಟಿಸಿದೆ. ಅರ್ಜಿ ಹೋಯಿತು ಅಂತ ಮೆಸೇಜ್ ಬಂದಾಗ ರಾತ್ರಿ ಒಂದೂವರೆ. ನನ್ನ ಬಗ್ಗೆ ನನಗೇ ಹೆಮ್ಮೆಯಾಗಿತ್ತು.

ಪ್ರಿಂಟ್ ತೆಗೆದ ಅಪ್ಪ ಓದಿದ. ಬೈಯಲಿಲ್ಲ. ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡ. ಬೈದಿದ್ದರೆ ವಾಸಿ ಇತ್ತು.

"ತಿದ್ದೋಕೆ ಬಿಡ್ತಾರೆ" ಅಂದ. "ಆದ್ರೆ ಈ ಸಲ ನೀನು ಮಗಳಲ್ಲ, ಗಿರಾಕಿ. ಸಾಲಲ್ಲಿ ಬಾ. ನಾನು ಕೇಳ್ತೀನಿ, ನೀನು ಹೇಳು."

ತಿದ್ದಲು ವ್ಯಾಸಂಗ ಪ್ರಮಾಣಪತ್ರ ಬೇಕಿತ್ತು. ಶಾಲೆಯ ಮುಖ್ಯ ಶಿಕ್ಷಕರ ಸಹಿ, ಅದರ ಮೇಲೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ. ಹಾಗಾಗಿ ಎಷ್ಟೋ ವರ್ಷದ ಮೇಲೆ ನನ್ನ ಪ್ರಾಥಮಿಕ ಶಾಲೆಗೆ ಹೋದೆ. ಮೇಡಂ ರಿಜಿಸ್ಟರ್ ಹುಡುಕುತ್ತಿದ್ದರು. ನಾನು ಪಕ್ಕದ ಕೋಣೆಗೆ ಇಣುಕಿದೆ. ನಲಿ-ಕಲಿ ಕೋಣೆ. ಮಕ್ಕಳು ಗುಂಪು ಗುಂಪಾಗಿ ನೆಲದ ಮೇಲೆ ಕೂತಿದ್ದರು. ಮೇಲೆ ಹಗ್ಗ ಕಟ್ಟಿದ ಚಪ್ಪರದಲ್ಲಿ ಅವರು ಬಿಡಿಸಿದ ಚಿತ್ರಗಳು ತೂಗಾಡುತ್ತಿದ್ದವು. ಒಬ್ಬ ಹುಡುಗ ಎದ್ದು ಹೋಗಿ ಕಾರ್ಡ್ ತಂದ. ಸ್ವಲ್ಪ ಹೊತ್ತಿಗೆ ಅದನ್ನಿಟ್ಟು ಇನ್ನೊಂದು ತಂದ. ಯಾರೂ ಅವನಿಗೆ ಕೂತ್ಕೋ ಅನ್ನಲಿಲ್ಲ.

ನಲಿ-ಕಲಿ ಶುರುವಾಗಿದ್ದು 1995ರಲ್ಲಿ, ಎಚ್.ಡಿ. ಕೋಟೆಯ ಶಾಲೆಗಳಲ್ಲಿ. ನಾನು ಶಾಲೆಗೆ ಸೇರುವ ಹೊತ್ತಿಗೆ ನಮ್ಮೂರಿನಲ್ಲೂ ಇತ್ತು. ಮೂರನೇ ಕ್ಲಾಸಿನವರೆಗೆ ನಾನು ಜಾಣೆ. ಗೋಡೆಯ ಮೇಲಿನ ಕಲಿಕೆಯ ಏಣಿಯಲ್ಲಿ ನಾನು ಎಷ್ಟನೇ ಮೆಟ್ಟಿಲಲ್ಲಿದ್ದೇನೆ ಅಂತ ದಿನಾ ಕಣ್ಣಿಗೆ ಕಾಣುತ್ತಿತ್ತು. ಒಂದು ಕಾರ್ಡ್ ಐದು ಹತ್ತು ನಿಮಿಷದ್ದು. ಮುಗಿದರೆ ಎದ್ದು ಓಡಾಡಬಹುದಿತ್ತು. ನಾಲ್ಕನೇ ಕ್ಲಾಸಿಗೆ ಬಂದ ದಿನ ಬೆಂಚು ಬಂತು, ಕರಿಹಲಗೆ ಬಂತು, ನಲವತ್ತು ನಿಮಿಷದ ಪೀರಿಯಡ್ ಬಂತು. ಅಲ್ಲಿಂದ ನನ್ನ ಪ್ರಗತಿ ಪತ್ರದಲ್ಲಿ ಒಂದೇ ಮಾತು, ಬೇರೆ ಬೇರೆ ಕೈಬರಹದಲ್ಲಿ: ಗಮನ ಕೊಡುವುದಿಲ್ಲ. ಗಲಾಟೆ ಮಾಡುತ್ತಾಳೆ ಅಂತ ಯಾರೂ ಬರೆದಿಲ್ಲ, ನಾನು ಗಲಾಟೆ ಮಾಡುತ್ತಿರಲಿಲ್ಲ. ಕಿಟಕಿಯಾಚೆ ನೋಡುತ್ತಿದ್ದೆ, ಅಷ್ಟೇ. ಓಡುವ, ಜಿಗಿಯುವ ಹುಡುಗರನ್ನು ಯಾರಾದರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಸುಮ್ನೆ ಕೂತು ಬೇರೆಲ್ಲೋ ಇರುವ ಹುಡುಗಿಯರಿಗೆ 'ಕನಸುಗಣ್ಣಿನವಳು' ಅಂತ ಹೆಸರಿಟ್ಟು ಬಿಟ್ಟುಬಿಡುತ್ತಾರೆ.

ಎಸ್ಸೆಸ್ಸೆಲ್ಸಿ ಹೇಗೋ ದಾಟಿತು. ಕೊನೆಯ ಒಂದು ತಿಂಗಳು ಭಯದಲ್ಲಿ ಓದಿದೆ, ಭಯ ಇದ್ದರೆ ನನ್ನ ತಲೆ ಓಡುತ್ತದೆ. ಪಿಯುಸಿಯಲ್ಲಿ ಆ ಆಟ ನಡೆಯಲಿಲ್ಲ. ಇಂಗ್ಲಿಷಿನಲ್ಲಿ ಫಿಸಿಕ್ಸ್, ಇಂಗ್ಲಿಷಿನಲ್ಲಿ ಮ್ಯಾಥ್ಸ್, ಜೊತೆಗೆ ಬೆಳಿಗ್ಗೆ ಟ್ಯೂಷನ್. ಫಸ್ಟ್ ಪಿಯುಸಿ ಮಧ್ಯವಾರ್ಷಿಕದಲ್ಲಿ ಎರಡು ವಿಷಯ ಫೇಲಾದೆ. ಒಬ್ಬರು ಲೆಕ್ಚರರ್ ಅಪ್ಪನನ್ನು ಕರೆಸಿ "ಬುದ್ಧಿ ಇದೆ, ಮೈ ಬಗ್ಗಲ್ಲ" ಅಂದರು. ಬೆಂಗಳೂರಿನಲ್ಲಿ ನರ್ಸ್ ಆಗಿರುವ ನಮ್ಮ ಚಿಕ್ಕಮ್ಮ ಮಾತ್ರ ಅದನ್ನು ಒಪ್ಪಲಿಲ್ಲ. "ಅಕ್ಕ, ಇವಳು ಸೋಮಾರಿ ಅಲ್ಲ ಕಣೆ. ಒಂದ್ಸಲ ನಿಮ್ಹಾನ್ಸ್‌ಗೆ ತೋರಿಸೋಣ" ಅಂತ ಅಮ್ಮನ ಬೆನ್ನು ಬಿದ್ದಳು. 'ನಿಮ್ಹಾನ್ಸ್' ಅಂದಕೂಡಲೇ ಅಜ್ಜಿ ಅತ್ತಳು. ಊರಲ್ಲಿ ಯಾರಿಗೂ ಹೇಳಬೇಡಿ ಅಂತ ಆಣೆ ಹಾಕಿಸಿಕೊಂಡಳು. (ಈಗ ಅಜ್ಜಿಯೇ ಎಲ್ಲರಿಗೂ ಹೇಳುತ್ತಾಳೆ: ನಮ್ಮ ಹುಡುಗಿ ತಲೆ ತುಂಬಾ ಸ್ಪೀಡು, ಅದಕ್ಕೆ ಮಾತ್ರೆ.)

ಒಂದೇ ದಿನಕ್ಕೆ ಮುಗಿಯಲಿಲ್ಲ. ರೈಲಿನಲ್ಲಿ ಮೂರು ಸಲ ಹೋಗಿ ಬಂದೆವು. ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲದಿರುವುದು, ರಕ್ತ ಪರೀಕ್ಷೆ, ಸ್ಕ್ಯಾನು ಮಾಡಿ ಹೇಳುವ ವಿಷಯ ಅಲ್ಲ. ಪ್ರಶ್ನೆ ಕೇಳುತ್ತಾರೆ. ನನ್ನನ್ನು, ಅಮ್ಮನನ್ನು, ಅಪ್ಪನನ್ನು. ಹಳೆಯ ಪ್ರಗತಿ ಪತ್ರ ತರಿಸಿ ನೋಡಿದರು. ಹನ್ನೆರಡು ವರ್ಷಕ್ಕೆ ಮುಂಚೆಯೇ ಲಕ್ಷಣ ಇತ್ತಾ, ಮನೆಯಲ್ಲೂ ಶಾಲೆಯಲ್ಲೂ ಇತ್ತಾ ಅನ್ನುವುದು ಅವರಿಗೆ ಮುಖ್ಯ. "ವಸ್ತು ಕಳೆದುಕೊಳ್ತಾಳಾ?" ಅಂತ ಕೇಳಿದರು. ಅಮ್ಮನಿಗೆ ನಗು ಬಂತು. "ಇವಳು ಕಳೆದಿರೋ ಟಿಫನ್ ಬಾಕ್ಸೆಲ್ಲ ಸಿಕ್ಕಿದ್ರೆ ನಾನೊಂದು ಪಾತ್ರೆ ಅಂಗಡಿ ಇಡ್ತಿದ್ದೆ ಡಾಕ್ಟ್ರೇ." ಅಪ್ಪ ನಗಲಿಲ್ಲ. ಪಟ್ಟಿಯಲ್ಲಿರುವ ಒಂದೊಂದೇ ಪ್ರಶ್ನೆ ಕೇಳುತ್ತಾ ಕೇಳುತ್ತಾ ಅವನ ಮುಖ ಬದಲಾಗುತ್ತಿತ್ತು. ಕೊನೆಗೆ ಮೆಲ್ಲಗೆ, "ಇದೆಲ್ಲಾ ನಂಗೂ ಇದ್ಯಲ್ಲ ಮೇಡಂ" ಅಂದ.

ಡಾಕ್ಟರ್ ಅದಕ್ಕೆ ಬೆಚ್ಚಿಬೀಳಲಿಲ್ಲ. ಎಡಿಎಚ್‌ಡಿ ಮನೆತನದಲ್ಲಿ ಬರುವುದು ಮಾಮೂಲು ಅಂತ ಹೇಳಿದರು. ನನಗೆ ಆಗ ಅಂಗಡಿಯ ಗೋಡೆ ನೆನಪಾಯಿತು. ಅಲ್ಲಿ ಹದಿನೈದಿಪ್ಪತ್ತು ಮೊಳೆಗಳಿವೆ. ಪ್ರತಿ ಮೊಳೆಗೂ ಚೀಟಿ ಚುಚ್ಚಿರುತ್ತಾನೆ. ಇವತ್ತಿನದು, ನಾಳೆಯದು, ದುಡ್ಡು ಬರಬೇಕಾದದ್ದು, ಒಟಿಪಿಗೆ ಫೋನ್ ಮಾಡಬೇಕಾದದ್ದು. ಮೊಳೆಯಿಂದ ಚೀಟಿ ಕಿತ್ತು ಹರಿಯದೆ ಅವನು ರಾತ್ರಿ ಬಾಗಿಲು ಹಾಕುವುದಿಲ್ಲ. ನಾನು ಅದನ್ನು ಅಚ್ಚುಕಟ್ಟುತನ ಅಂದುಕೊಂಡಿದ್ದೆ. ಅದು ಅವನು ಒದ್ದಾಡಿ ಕಂಡುಕೊಂಡಿದ್ದ ಊರುಗೋಲು.

ಮಿಥೈಲ್‌ಫೆನಿಡೇಟ್ ಮಾತ್ರೆ ಬರೆದುಕೊಟ್ಟರು. ಅದು ಕಟ್ಟುನಿಟ್ಟಿನ ಮಾತ್ರೆ, ಚೀಟಿ ಇಲ್ಲದೆ ಕೊಡುವುದಿಲ್ಲ. ನಮ್ಮೂರ ಮೆಡಿಕಲ್ ಶಾಪುಗಳಲ್ಲಿ ಸಿಗಲೂ ಇಲ್ಲ. ಚಿಕ್ಕಮ್ಮ ತಂದುಕೊಡುತ್ತಿದ್ದಳು. ಮಾತ್ರೆ ತೆಗೆದುಕೊಂಡ ಮೊದಲ ವಾರ ಏನೂ ಪವಾಡ ಆಗಲಿಲ್ಲ. ಹಸಿವು ಕಮ್ಮಿಯಾಯಿತು. ಮಧ್ಯಾಹ್ನದ ಮುದ್ದೆ ಸೇರುತ್ತಿರಲಿಲ್ಲ. ಡೋಸು ಸರಿಹೋದ ಮೇಲೆ ಒಂದು ದಿನ ಫಿಸಿಕ್ಸ್ ಲೆಕ್ಕ ಮಾಡುತ್ತಾ ಕೂತವಳು ಹೊರಗೆ ಮಳೆ ಬಂದು ನಿಂತಿದ್ದನ್ನೇ ಗಮನಿಸಲಿಲ್ಲ. ಅಂಗಳ ಒದ್ದೆಯಾಗಿದ್ದು ನೋಡಿ, ಯಾವಾಗ ಬಂತು ಅಂತ ಅಮ್ಮನನ್ನು ಕೇಳಿದೆ. ಅಮ್ಮ ಒಂದು ನಿಮಿಷ ನನ್ನನ್ನೇ ನೋಡಿ ಒಳಗೆ ಹೋದಳು.

ಸೆಕೆಂಡ್ ಪಿಯುಸಿಯಲ್ಲಿ, ಪರೀಕ್ಷೆಗೆ ಹೆಚ್ಚುವರಿ ಸಮಯ ಸಿಗುತ್ತದಾ ಅಂತ ವಿಚಾರಿಸಲು ಡಾಕ್ಟರ ಪತ್ರ ಹಿಡಿದುಕೊಂಡು ಒಂದು ಕಚೇರಿಗೆ ಹೋದೆ. ಗುಮಾಸ್ತರು ಪತ್ರ ತಿರುಗಿಸಿ ನೋಡಿದರು.

"ಎಷ್ಟು ಪರ್ಸೆಂಟು?"

"ಎಸ್ಸೆಸ್ಸೆಲ್ಸಿದಾ ಸರ್? 81."

ಅವರು ಕೇಳಿದ್ದು ಅಂಗವಿಕಲತೆ ಎಷ್ಟು ಪರ್ಸೆಂಟು ಅಂತ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಕಲಿಕಾ ನ್ಯೂನತೆ ಇದೆ, ಆಟಿಸಂ ಇದೆ. ಎಡಿಎಚ್‌ಡಿ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಎಡಿಎಚ್‌ಡಿ ಇರುವ ಎಷ್ಟೋ ಮಕ್ಕಳಿಗೆ ಕಲಿಕಾ ನ್ಯೂನತೆಯೂ ಇರುತ್ತದೆ, ಅವರಿಗೆ ಆ ಬಾಗಿಲಿಂದ ರಿಯಾಯಿತಿ ಸಿಗುತ್ತದೆ. ನನಗೆ ಅದನ್ನೂ ಪರೀಕ್ಷೆ ಮಾಡಿದ್ದರು, ಇರಲಿಲ್ಲ. ಓದಲು ಬರೆಯಲು ಬರುತ್ತದೆ, ಆದರೆ ಓದುತ್ತಾ ಇರಲು ಬರುವುದಿಲ್ಲ. ಇದನ್ನು ಗುಮಾಸ್ತರಿಗೆ ವಿವರಿಸಿದೆ. ಅವರು ಒಳ್ಳೆಯವರೇ. "ಕಾಲಂ ಇಲ್ವಲ್ಲಮ್ಮ" ಅಂದರು. ಸಿಇಟಿ ಅರ್ಜಿಯಲ್ಲೂ ಅದೇ ಕತೆ. ರಿಯಾಯಿತಿ ಇರುವವರಿಗೆ ಗಂಟೆಗೆ 20 ನಿಮಿಷ ಹೆಚ್ಚು ಸಿಗುತ್ತದೆ. ಸಿಇಟಿಯ 80 ನಿಮಿಷದ ಪತ್ರಿಕೆಗೆ ಸುಮಾರು 27 ನಿಮಿಷ ಆಗುತ್ತಿತ್ತು.

ನಿಜ ಹೇಳಬೇಕು ಅಂದರೆ ನನಗೆ 27 ನಿಮಿಷ ಬೇಕಿರಲಿಲ್ಲ. ಫ್ಯಾನು ಕಟಕಟ ಅನ್ನದ, ಮೇಲ್ವಿಚಾರಕರ ಚಪ್ಪಲಿ ಸದ್ದಿಲ್ಲದ ಒಂದು ಮೂಲೆ ಬೇಕಿತ್ತು. ಅದಕ್ಕೆ ಯಾವ ನಮೂನೆಯೂ ಇಲ್ಲ.

ಅರ್ಜಿಯ ಕತೆಗೆ ವಾಪಸ್ ಬರುತ್ತೇನೆ. ತಿದ್ದುಪಡಿಗೆ ಅವಕಾಶ ಕೊಟ್ಟಾಗ ನಾನು ಗಿರಾಕಿಯ ಹಾಗೆ ಅಂಗಡಿಗೆ ಹೋದೆ. ನನ್ನ ಮುಂದೆ ಮೂವರಿದ್ದರು, ಅಪ್ಪ ನಿಜವಾಗಲೂ ಕಾಯಿಸಿದ. ಸರದಿ ಬಂದಾಗ ಎದುರಿನ ಸ್ಟೂಲಿನ ಮೇಲೆ ಕೂರಿಸಿದ. ಮೊಬೈಲ್ ಮೇಜಿನ ಮೇಲೆ ಮಗುಚಿ ಇಡಿಸಿದ. "ಹೆಸರು? ಮಾರ್ಕ್ಸ್ ಕಾರ್ಡಲ್ಲಿ ಇರೋ ಹಂಗೆ ಹೇಳು." ಒಂದೊಂದು ಕಾಲಂ ಕೇಳುತ್ತಿದ್ದ. ನಾನು ಕಾಗದ ನೋಡಿ ಓದುತ್ತಿದ್ದೆ, ಅವನು ಟೈಪ್ ಮಾಡಿ ತಿರುಗಿ ನನಗೇ ಓದಿ ಹೇಳುತ್ತಿದ್ದ. ಫೋಟೋ ಇಷ್ಟೇ ಕೆಬಿ ಇರಬೇಕು, ಸಹಿ ಇಷ್ಟೇ ಕೆಬಿ ಇರಬೇಕು ಅನ್ನುವ ಕಾಟ ಗೊತ್ತಲ್ವಾ, ಅದೆಲ್ಲ ಅವನ ಬೆರಳ ತುದಿಯಲ್ಲಿದೆ. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ನಾನು ಒಬ್ಬಳೇ ಕೂತು ಐದು ಗಂಟೆ ಒದ್ದಾಡಿದ್ದ ಕೆಲಸ. ಅಪ್ಪ ನನ್ನ ಪರವಾಗಿ ಏನೂ ಯೋಚನೆ ಮಾಡಲಿಲ್ಲ. ಎದುರಿಗೆ ಕೂತಿದ್ದ, ಮುಂದಿನ ಪ್ರಶ್ನೆ ಕೇಳುತ್ತಿದ್ದ.

ಆಮೇಲೆ ಗೋಡೆಯಲ್ಲಿ ನನಗೊಂದು ಮೊಳೆ ಹೊಡೆದುಕೊಟ್ಟ. ಇಪ್ಪತ್ತು ರೂಪಾಯಿ ಚಾರ್ಜೂ ತೆಗೆದುಕೊಂಡ. ಗಿರಾಕಿ ಅಂದಮೇಲೆ ಗಿರಾಕಿ.

ಸಿಇಟಿ 2024ರ ಏಪ್ರಿಲ್ 18 ಮತ್ತು 19ಕ್ಕೆ ಇತ್ತು. ಮೊದಲ ದಿನ ಬೆಳಿಗ್ಗೆ ಬಯಾಲಜಿ, ಮಧ್ಯಾಹ್ನ ಎರಡೂವರೆಗೆ ಮ್ಯಾಥ್ಸ್. 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಬಯಾಲಜಿ ಚೆನ್ನಾಗಿ ಆಯಿತು. ಖುಷಿಯಲ್ಲಿ ಅಮ್ಮ ಕಟ್ಟಿಕೊಟ್ಟಿದ್ದ ಚಿತ್ರಾನ್ನ ತಿಂದೆ, ಗೆಳತಿಯರ ಜೊತೆ ಉತ್ತರ ತಾಳೆ ನೋಡಿದೆ, ಹರಟೆ ಹೊಡೆದೆ. ನನ್ನ ಮಾತ್ರೆ ನಾಲ್ಕು ಗಂಟೆಯಷ್ಟು ಹೊತ್ತು ಕೆಲಸ ಮಾಡುವಂಥದ್ದು. ಮಧ್ಯಾಹ್ನದ್ದು ಬೇರೆ ತೆಗೆದುಕೊಳ್ಳಬೇಕು. ಮರೆತೆ. ಮರೆವಿನ ಮಾತ್ರೆಯನ್ನು ನೆನಪಿಟ್ಟುಕೊಂಡು ತಿನ್ನಬೇಕು, ಇದಕ್ಕಿಂತ ತಮಾಷೆ ಏನಿದೆ ಹೇಳಿ.

ಮ್ಯಾಥ್ಸ್‌ನಲ್ಲಿ 31ನೇ ಪ್ರಶ್ನೆ ಗೊತ್ತಾಗಲಿಲ್ಲ. ಆಮೇಲೆ ನೋಡೋಣ ಅಂತ ಬಿಟ್ಟೆ. 32ರ ಉತ್ತರವನ್ನು ಒಎಂಆರ್ ಹಾಳೆಯಲ್ಲಿ 31ರ ಮುಂದೆ ತುಂಬಿದೆ. 33ರದ್ದು 32ರ ಮುಂದೆ. ಹೀಗೇ ಸಾಗಿದೆ. 47ಕ್ಕೆ ಬಂದಾಗ ಪಕ್ಕದಲ್ಲಿ ಯಾರೋ ಕೆಮ್ಮಿದರು, ತಲೆ ಎತ್ತಿದೆ, ಮತ್ತೆ ಹಾಳೆ ನೋಡಿದಾಗ ಗೊತ್ತಾಯಿತು. ಬಾಲ್ ಪೆನ್ನಿನಲ್ಲಿ ತುಂಬಿದ ವೃತ್ತ ಅಳಿಸಲಾಗದು. 31ರಿಂದ 46, ಹದಿನಾರು ಪ್ರಶ್ನೆ. ಹೊಟ್ಟೆಯೊಳಗೆ ಕಲ್ಲು ಬಿದ್ದ ಹಾಗಾಯಿತು. ಉಳಿದ ಪ್ರಶ್ನೆಗಳಿಗೆ ಏನು ಬರೆದೆನೋ ಇವತ್ತಿಗೂ ನೆನಪಿಲ್ಲ.

ಹೊರಗೆ ಬಂದು ಅಪ್ಪನಿಗೆ ಹೇಳಿದೆ. ಅವನು ಬೈಕಿನ ಮೇಲೆ ಕೂತೇ ಸ್ವಲ್ಪ ಹೊತ್ತು ಯೋಚಿಸಿದ. "ಹಾಲ್ ಟಿಕೆಟ್ ಒಳಗೆ ಬಿಡ್ತಾರಲ್ಲ? ನಾಳೆ ಅದನ್ನೇ ಸ್ಕೇಲ್ ಮಾಡ್ಕೊ. ಯಾವ ನಂಬರ್ ತುಂಬ್ತೀಯೋ ಅದರ ಕೆಳಗಿಡು. ಕೆಳಗಿನ ಸಾಲು ಕಾಣಲೇಬಾರದು." ಅವನೂ ಲೆಡ್ಜರ್ ಬರೆಯುವಾಗ ಹಾಗೇ ಒಂದು ರಟ್ಟು ಇಟ್ಟುಕೊಳ್ಳುತ್ತಾನಂತೆ. ಮರುದಿನ ಫಿಸಿಕ್ಸ್, ಕೆಮಿಸ್ಟ್ರಿ ಎರಡಕ್ಕೂ ಹಾಲ್ ಟಿಕೆಟ್ ಜಾರಿಸುತ್ತಾ ಹೋದೆ. ಮಧ್ಯಾಹ್ನದ ಮಾತ್ರೆ ಅಮ್ಮ ಊಟದ ಡಬ್ಬಿಯ ಮುಚ್ಚಳಕ್ಕೇ ಅಂಟಿಸಿದ್ದಳು.

ಆ ವರ್ಷದ ಗಲಾಟೆ ನೆನಪಿರಬಹುದು. ಪಠ್ಯದಿಂದ ತೆಗೆದುಹಾಕಿದ್ದ ಪಾಠಗಳಿಂದ ಪ್ರಶ್ನೆ ಕೇಳಿದ್ದಾರೆ ಅಂತ ರಾಜ್ಯವೆಲ್ಲ ಕೂಗೆದ್ದಿತು. ಕೊನೆಗೆ ನಾಲ್ಕೂ ವಿಷಯ ಸೇರಿ 50 ಪ್ರಶ್ನೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮೌಲ್ಯಮಾಪನ ಮಾಡಿದರು. ಉಳಿದವರಿಗೆ ಅದು ಅನ್ಯಾಯವೋ ನ್ಯಾಯವೋ, ನಾನು ಮಾತ್ರ ಪಟ್ಟಿ ಹಿಡಿದು ನನ್ನ ಹದಿನಾರನ್ನು ಹುಡುಕಿದೆ. ನಾಲ್ಕು ಅದರಲ್ಲಿದ್ದವು. ಅಷ್ಟಕ್ಕೇ ಅಮ್ಮ ಕೆಂಪಮ್ಮನ ಗುಡಿಯಲ್ಲಿ ಕಾಯಿ ಒಡೆದಳು.

ಇಂಜಿನಿಯರಿಂಗ್ ಬೇಡ ಅಂತ ನಾನು ಮೊದಲೇ ತೀರ್ಮಾನ ಮಾಡಿದ್ದೆ ಅಂದರೆ ಸುಳ್ಳಾಗುತ್ತದೆ. ಎಲ್ಲರೂ ಹೋಗುವ ಕಡೆ ನಾನೂ ಹೊರಟಿದ್ದೆ. ತಿರುಗಿಸಿದ್ದು ಕೃಷಿ ಪ್ರಾಯೋಗಿಕ ಪರೀಕ್ಷೆ. ಬಿಎಸ್ಸಿ ಕೃಷಿಗೆ ರೈತರ ಮಕ್ಕಳ ಕೋಟಾದಲ್ಲಿ ಸೀಟು ಬೇಕಿದ್ದರೆ ಆ ಪರೀಕ್ಷೆಗೆ ಹೋಗಬೇಕು. ನಮಗೆ ಎರಡೆಕರೆ ತೆಂಗಿನ ತೋಟ ಇದೆ, ಪಹಣಿ ಇದೆ, "ಇರಲಿ ಒಂದು ಕಲ್ಲು" ಅಂತ ಅಪ್ಪ ಟಿಕ್ ಮಾಡಿಸಿದ್ದ. ಅಲ್ಲಿ ಬೀಜ, ಗೊಬ್ಬರ, ಸಲಕರಣೆ ಇಟ್ಟಿರುತ್ತಾರೆ, ಗುರುತಿಸಬೇಕು. ನವಣೆ ಯಾವುದು, ಸಾಮೆ ಯಾವುದು. ಕೂರಿಗೆ ಯಾವುದು, ಕುಂಟೆ ಯಾವುದು. ಅಜ್ಜಿಯ ಜೊತೆ ಕಣದಲ್ಲಿ, ಅಪ್ಪನ ಜೊತೆ ತೋಟದಲ್ಲಿ ಸುಮ್ನೆ ಓಡಾಡುವಾಗ ನನ್ನ ತಲೆ ಇದನ್ನೆಲ್ಲ ಯಾರೂ ಹೇಳದೆಯೇ ತುಂಬಿಕೊಂಡಿತ್ತು. ಪಾಠದ ಹೊತ್ತಿನಲ್ಲಿ ಕಿಟಕಿಯಾಚೆ ನೋಡುತ್ತಿದ್ದೆ ಅಂದೆನಲ್ಲ, ಆಚೆ ಇದ್ದದ್ದು ಇದೇ. ಪರೀಕ್ಷೆ ಮುಗಿದು ಹೊರಬಂದಾಗ ಟೈಮ್ ನೋಡಲು ಮರೆತಿದ್ದೇನೆ ಅಂತ ಗೊತ್ತಾಯಿತು. ಬಿಎಸ್ಸಿ ಕೃಷಿ ನಾಲ್ಕು ವರ್ಷ, ಕೊನೆಯ ವರ್ಷದಲ್ಲಿ ಹಳ್ಳಿಯಲ್ಲಿದ್ದು ರೈತರ ಜೊತೆ ಕೆಲಸ ಮಾಡುವುದೂ ಇರುತ್ತದೆ ಅಂತ ಬಸ್ಸಿನಲ್ಲಿ ಒಬ್ಬಳು ಹೇಳಿದಳು. ಅವಳು ಅದನ್ನು ಕಷ್ಟ ಅಂತ ಹೇಳಿದ್ದಳು.

ಆಪ್ಷನ್ ಎಂಟ್ರಿ, ಅಂದರೆ ಯಾವ ಕಾಲೇಜು, ಯಾವ ಕೋರ್ಸು ಬೇಕು ಅಂತ ಆದ್ಯತೆ ಪ್ರಕಾರ ತುಂಬುವುದು, ಇನ್ನೊಂದು ಪುರಾಣ. ಆ ವರ್ಷ ನೀಟ್ ತಕರಾರು ಸುಪ್ರೀಂ ಕೋರ್ಟಿನಲ್ಲಿತ್ತು, ಇಲ್ಲಿಯೂ ಎಲ್ಲ ಎಳೆದಾಡಿತು. ಕಾಯುವುದು ನನ್ನಂಥವರಿಗೆ ವಿಷ. ಆ ಖಾಲಿ ದಿನಗಳಲ್ಲಿ ಹಳೆಯ ವರ್ಷಗಳ ಕಟ್‌ಆಫ್ ಪಟ್ಟಿಗಳನ್ನು ಹಿಡಿದೆ. ನಮ್ಮ ವರ್ಗದ ಮುಂದೆ ಜಿ ಇದ್ದರೆ ಸಾಮಾನ್ಯ, ಕೆ ಇದ್ದರೆ ಕನ್ನಡ ಮಾಧ್ಯಮ, ಆರ್ ಇದ್ದರೆ ಗ್ರಾಮೀಣ. ಮೂರು ರಾತ್ರಿ ನಿದ್ದೆಗೆಟ್ಟು ಒಂದು ನೋಟ್‌ಬುಕ್ ತುಂಬ ಕಾಲೇಜು, ಕೋರ್ಸು, ಕೊನೆಯ ರ್‍ಯಾಂಕು ಬರೆದೆ. ಮೂರು ಬಣ್ಣದ ಪೆನ್ನು. ಜನ ಕೇಳುತ್ತಾರೆ, ಗಮನ ಇಲ್ಲದವಳು ಮೂರು ರಾತ್ರಿ ಹೇಗೆ ಕೂತೆ ಅಂತ. ನನ್ನ ಗಮನ ಕರೆದಾಗ ಬರುವುದಿಲ್ಲ, ಬಂದರೆ ಹೋಗು ಅಂದರೂ ಹೋಗುವುದಿಲ್ಲ. ಈ ಮೂರು ರಾತ್ರಿಯಲ್ಲಿ ಪಿಯು ಕಾಲೇಜಿನಿಂದ ಟಿಸಿ ತರುವುದು ಮರೆತಿದ್ದೆ.

ಅಪ್ಪ ನೋಟ್‌ಬುಕ್ ತಿರುವಿ ಹಾಕಿದ. 190 ಚಿಲ್ಲರೆ ಆಪ್ಷನ್ ಇದ್ದವು.

"ಚೆನ್ನಾಗಿದೆ. ಇದರಲ್ಲಿ ನೀನು ಹೋಗೋದು ಯಾವುದಕ್ಕೆ?"

ಉತ್ತರ ಇರಲಿಲ್ಲ. ಅಲ್ಲೇ ಕೂತು ಹೊಡೆದುಹಾಕಿದೆವು. ದಿನಾ ಆರು ಗಂಟೆ ಒಂದೇ ಕೋಣೆಯಲ್ಲಿ ಕೂರಿಸುವ ಕೋರ್ಸು ಯಾವುದೋ ಅದು ಹೋಯಿತು. ಎಲ್ಲಾ ಹೊಸಬರೇ ಇರುವ, ತಿಂಗಳಿಗೊಮ್ಮೆ ಮನೆಗೆ ಬರಲಾಗದ ಊರು ಹೋಯಿತು. ಉಳಿದಿದ್ದು 23. ಮೇಲೆ ಕೃಷಿ, ತೋಟಗಾರಿಕೆ, ಆಮೇಲೆ ಪಶುವೈದ್ಯ, ಕೊನೆಗೆ ಒಂದಿಷ್ಟು ಇಂಜಿನಿಯರಿಂಗು. ನಾನೇ ಎಂಟ್ರಿ ಮಾಡಿದೆ, ಅಂಗಡಿಯಲ್ಲಿ, ಪಕ್ಕದ ಕಂಪ್ಯೂಟರಿನಲ್ಲಿ. ಅಪ್ಪ ತನ್ನ ಗಿರಾಕಿಗಳನ್ನು ನೋಡಿಕೊಳ್ಳುತ್ತಾ ಹತ್ತು ನಿಮಿಷಕ್ಕೊಮ್ಮೆ "ಸೇವ್?" ಅನ್ನುತ್ತಿದ್ದ. ನಾನು "ಸೇವ್" ಅನ್ನುತ್ತಿದ್ದೆ.

ಆದರೂ ಅಣಕು ಸೀಟು ಹಂಚಿಕೆಯಲ್ಲಿ ನನಗೆ ಸಿಕ್ಕಿದ್ದು ಎಲ್ಲೋ ದೂರದ ಇಂಜಿನಿಯರಿಂಗ್ ಕಾಲೇಜು! ನೋಡಿದರೆ, 21ನೇ ಆದ್ಯತೆ ಕೊಡಬೇಕಾದಲ್ಲಿ 2 ಅಂತ ಒತ್ತಿದ್ದೆ. ಇಂಥ ತಪ್ಪು ಸಿಗಲಿ ಅಂತಲೇ ಅಣಕು ಹಂಚಿಕೆ ಇರುವುದು, ಮೊದಲ ಸುತ್ತಿಗೆ ಮುಂಚೆ ತಿದ್ದಿಕೊಳ್ಳಬಹುದು. ಎಷ್ಟೋ ಜನ ಅದನ್ನು ನೋಡುವುದೇ ಇಲ್ಲ. ನಮ್ಮ ಮೊಳೆಗೆ ಚುಚ್ಚಿದ ಚೀಟಿಯಲ್ಲಿ 'ಅಣಕು – ನೋಡು' ಅಂತ ಇದ್ದದ್ದರಿಂದ ನೋಡಿದೆ.

ಮೊದಲ ಸುತ್ತಿನಲ್ಲಿ ಹಾಸನದ ಕಾರೇಕೆರೆ ಕೃಷಿ ಕಾಲೇಜು ಸಿಕ್ಕಿತು. ಸೀಟು ಸಿಕ್ಕ ಮೇಲೆ ನಾಲ್ಕು ಚಾಯ್ಸ್‌ನಲ್ಲಿ ಒಂದನ್ನು ಒತ್ತಬೇಕು. ಚಾಯ್ಸ್ ಒಂದು ಅಂದರೆ ಇದೇ ಸಾಕು, ಸೇರುತ್ತೇನೆ. ಎರಡು ಅಂದರೆ ಇದು ಇರಲಿ, ಮೇಲಿನದು ಸಿಕ್ಕರೆ ನೋಡೋಣ. ಮೂರು ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕು ಅಂದರೆ ಸಹವಾಸವೇ ಬೇಡ. ಎರಡು ಒತ್ತು ಅಂತ ಮಾವ ಫೋನು ಮಾಡಿ ಹೇಳಿದ. ಮತ್ತೆ ಕಾಯುವ ಶಕ್ತಿ ನನಗಿರಲಿಲ್ಲ. ಒಂದು ಒತ್ತಿದೆ. ಚಲನ್ ಬಂತು, ಫೀಸು ಕಟ್ಟಿದೆವು, ಪ್ರವೇಶ ಆದೇಶದ ಪ್ರಿಂಟು ಅಪ್ಪನ ಮೆಷಿನ್ನಿಂದಲೇ ಬಿಸಿಬಿಸಿಯಾಗಿ ಹೊರಬಂತು.

ಮೂಲ ದಾಖಲೆಗಳಿಗೆ ಅಪ್ಪ ಒಂದು ಕೆಂಪು ಫೈಲ್ ಮಾಡಿದ. ಅದರ ಮೇಲೆ ನನ್ನ ಹೆಸರಿನ ಜೊತೆ ತನ್ನ ಅಂಗಡಿಯ ಫೋನ್ ನಂಬರ್ ದಪ್ಪಕ್ಷರದಲ್ಲಿ ಬರೆದ. ನನಗೆ ಅವಮಾನ ಆಯಿತು. ನಾನೇನು ಚಿಕ್ಕ ಮಗುವಾ? ಅರಸೀಕೆರೆಯಲ್ಲಿ ಬಸ್ ಬದಲಾಯಿಸಿದೆವು. ಹಾಸನದ ಬಸ್ಸಿನಲ್ಲಿ ಕಿಟಕಿ ಸೀಟು ಹಿಡಿದು ಕೂತು ಹತ್ತು ನಿಮಿಷದ ಮೇಲೆ ಅಪ್ಪನ ಫೋನು ಬಡಿಯಿತು. ಬಸ್ ಸ್ಟ್ಯಾಂಡಿನ ಕಾಫಿ ಅಂಗಡಿಯವನು. "ಸ್ವಾಮಿ, ಒಂದು ಕೆಂಪು ಫೈಲ್ ಬಿಟ್ಟು ಹೋಗಿದ್ದೀರಾ." ಅಪ್ಪ ನನ್ನನ್ನು ನೋಡಿದ. ನಾನು ಅಪ್ಪನನ್ನು ನೋಡಿದೆ. ಆ ಫೈಲು ಇದ್ದದ್ದು ಅಪ್ಪನ ಕೈಯಲ್ಲಿ. ಇಬ್ಬರೂ ಇಳಿದು ಆಟೋ ಹಿಡಿದೆವು. ದಾರಿಯುದ್ದಕ್ಕೂ ನಕ್ಕೆವು. "ನಿಮ್ಮಮ್ಮಂಗೆ ಹೇಳಬೇಡ" ಅಂದ.

ಕಾಲೇಜು ಸೇರಿ ಎರಡು ತಿಂಗಳಿಗೆ ವಿದ್ಯಾರ್ಥಿವೇತನದ ಅರ್ಜಿ ಬಂತು. ಮತ್ತೆ ಆರ್‌ಡಿ ನಂಬರ್, ಮತ್ತೆ ಒಟಿಪಿ. ಹಾಸ್ಟೆಲ್ ಕೋಣೆಯಲ್ಲಿ ಅದನ್ನು ನಾಳೆ ನಾಳೆ ಅಂತ ಒಂಬತ್ತು ದಿನ ತಳ್ಳಿದೆ. ಹತ್ತನೇ ದಿನ ಸಂಜೆ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಬಕೆಟ್ಟಿಗೆ ಒರಗಿಸಿ ಇಟ್ಟೆ. ಅವನೂ ತನ್ನ ಫೋನನ್ನು ಲ್ಯಾಮಿನೇಷನ್ ಮೆಷಿನ್ನಿಗೆ ಒರಗಿಸಿದ. ನನಗೆ ಅಂಗಡಿಯ ಸೀಲಿಂಗೂ ಅವನ ಅರ್ಧ ಮುಖವೂ ಕಾಣುತ್ತಿತ್ತು. ಮಾತೇನೂ ಇಲ್ಲ. ನಾನು ಟೈಪ್ ಮಾಡುತ್ತಿದ್ದೆ. ಆ ಕಡೆ ಯಾರೋ ಆಧಾರ್ ಕಾರ್ಡು ಎರಡೂ ಕಡೆ ಬೇಕಣ್ಣ, ಒಂದೇ ಹಾಳೇಲಿ ಹಾಕು ಅನ್ನುತ್ತಿದ್ದರು. ಜೆರಾಕ್ಸ್ ಮೆಷಿನ್ನಿನ ಬೆಳಕು ಸೀಲಿಂಗಿನ ಮೇಲೆ ಹಾದು ಹೋಯಿತು.

"ಸೇವ್?" ಅಂದ ಅಪ್ಪ, ಈ ಕಡೆ ನೋಡದೆ.